ಮೂವತ್ತೊಂದನೇ ಸಾಲು, ಒಂಬತ್ತನೇ ಅಂತಸ್ತು

ರಾತ್ರಿ ಹನ್ನೊಂದಕ್ಕೆ ದೀಪ ಆರಿಸುತ್ತೇವೆ.
ಡ್ರೋನಿಗೆ ಬೆಳಕು ಬೇಡ.
ರಾಟರ್‌ಡ್ಯಾಮಿನಾಚೆ, ಕಡಲನ್ನೇ ತುಂಬಿ ಮಾಡಿದ ನೆಲದ ಮೇಲೆ
ನಮ್ಮ ಗೋದಾಮು, ಉದ್ದ ನಾನೂರು ಹೆಜ್ಜೆ. ನನ್ನ ಹೆಜ್ಜೆ.
ಸ್ಯಾಂಡರನದಾದರೆ ಮುನ್ನೂರ ಹತ್ತು.
ಹೊರಗೆ ಗಾಳಿ ತಗಡನ್ನು ಉಗುರಲ್ಲಿ ಕೆರೆಯುತ್ತದೆ.
ಒಳಗೆ ಆರು ಡ್ರೋನು ಗೂಡಿನಿಂದ ಎದ್ದು
ಸಾಲು ಸಾಲಿಗೆ ಹೊರಡುತ್ತವೆ,
ಯಾರೂ ಕೀಲಿ ಕೊಡದೆ, ಯಾರೂ ದಾರಿ ತೋರದೆ.

ನನ್ನ ಕೆಲಸ ನೋಡುವುದು.
ಪರದೆಯ ಮೇಲೆ ಹಸಿರು, ಹಸಿರು, ಹಸಿರು.
ಇಪ್ಪತ್ತಮೂರು ಸಾವಿರ ಜಾಗ, ನಾಲ್ಕು ತಾಸು.
ಇದಕ್ಕೇ ನಾವು ಎಂಟು ಜನ
ವರ್ಷದ ಕೊನೆಯ ಮೂರು ದಿನ ಬಾಗಿಲು ಹಾಕಿಕೊಂಡು ಎಣಿಸುತ್ತಿದ್ದೆವು.
ಎರಡು ಉತ್ತರ ಬರುತ್ತಿತ್ತು,
ಮೂರನೆಯದನ್ನು ಬರೆಯುತ್ತಿದ್ದೆವು.

ನಿಜ ಹೇಳುತ್ತೇನೆ, ನನಗೇನೂ ಬೇಸರವಿಲ್ಲ.
ಹನ್ನೆರಡು ಮೀಟರ್ ಏರುವ ಆ ತೊಟ್ಟಿಲು,
ಸೊಂಟಕ್ಕೆ ಪಟ್ಟಿ, ಬಾಯಲ್ಲಿ ಪೆನ್ಸಿಲು,
ಕೆಳಗೆ ನೋಡಬೇಡ ಇವಾನಿಲ್ಡಾ ಎಂದು ಗೆರಿಟ್ ಕೂಗಿದೊಡನೆ
ಕೆಳಗೆ ನೋಡುತ್ತಿದ್ದೆ.
ನನ್ನ ಮೊಣಕಾಲುಗಳು ಡ್ರೋನಿಗೆ ಋಣಿ.
ಬಿದ್ದರೆ ಅದೇ ಬೀಳಲಿ, ಅದಕ್ಕೆ ಮಕ್ಕಳಿಲ್ಲ, ಮನೆ ಬಾಡಿಗೆಯಿಲ್ಲ.

ಅಮ್ಮ ಮಾತ್ರ ನಂಬುವುದಿಲ್ಲ.
ಮಿಂಡೆಲೊದಿಂದ ಹಡಗಲ್ಲಿ ಬಂದವಳು,
ಜೋಳದ ಜೊತೆ ನೆನೆಹಾಕುವ ಕಾಳನ್ನು ಇವತ್ತಿಗೂ ಹಿಡಿಯಲ್ಲೇ ಅಳೆಯುವವಳು,
"ರೆಕ್ಕೆಯಿರುವ ಗುಮಾಸ್ತನೇ?
ಸಂಬಳ ಯಾರಿಗೆ ಹೋಗುತ್ತದೆ?" ಎನ್ನುತ್ತಾಳೆ.
ಎಂಟರಲ್ಲಿ ಉಳಿದವರು ಇಬ್ಬರು.
ಅವಳ ಪ್ರಶ್ನೆಗೆ ನನ್ನಲ್ಲಿರುವ ಉತ್ತರ ಇಷ್ಟೇ.

ಮಂಗಳವಾರ ಎರಡು ನಲವತ್ತಕ್ಕೆ ಕೆಂಪು ಚುಕ್ಕೆ.
ಮೂವತ್ತೊಂದನೇ ಸಾಲು, ಒಂಬತ್ತನೇ ಅಂತಸ್ತು, ಕಂಬದ ಹಿಂದಿನ ಮೂಲೆ.
ಅಲ್ಲಿಗೆ ದಾರಿ ಕಲಿಸಿದ್ದು ಆ ವಾರವೇ.
ಲೆಕ್ಕದಲ್ಲಿ: ಖಾಲಿ.
ಕಣ್ಣಿಗೆ: ಪೆಟ್ಟಿಗೆ, ಒಂದು. ಬಾರ್‌ಕೋಡ್ ಇಲ್ಲ.
ಡ್ರೋನು ಅಲ್ಲೇ ನಿಂತಿತು.
ಸ್ವಲ್ಪ ಎಡಕ್ಕೆ ಸರಿದು ಮತ್ತೆ ನೋಡಿತು,
ಹೊಸ ಸೊಸೆ ಅಟ್ಟದ ಡಬ್ಬ ನೋಡುವ ಹಾಗೆ.
ಆಮೇಲೆ ಬ್ಯಾಟರಿ ಇಳಿಯಿತೆಂದು ಗೂಡಿಗೆ ಮರಳಿತು.
ಬುಧವಾರವೂ ಹಾಗೇ. ಗುರುವಾರವೂ.

ಶುಕ್ರವಾರ ನಾನೇ ಪಟ್ಟಿ ಬಿಗಿದುಕೊಂಡೆ.
ಸ್ಯಾಂಡರ್ ಕೆಳಗಿನಿಂದ ದೀಪ ಹಾಕಿದ.
ತೊಟ್ಟಿಲು ನರಳುತ್ತ ಏರಿತು.

ಪೆಟ್ಟಿಗೆಯಲ್ಲಿ
ಹಲ್ಲಿನ ಗುರುತಿನ ಮೋಟು ಪೆನ್ಸಿಲುಗಳು,
ಉಣ್ಣೆಯ ಟೋಪಿ,
ಕಲ್ಲಾಗಿಹೋದ ಉಪ್ಪಿನ ಕಪ್ಪು ಮಿಠಾಯಿ.
ಮುಚ್ಚಳದ ಒಳಮೈ ತುಂಬ ಗೆರೆ, ನಾಲ್ಕು ನಿಂತು ಒಂದು ಅಡ್ಡ,
ಹತ್ತೊಂಬತ್ತು ವರ್ಷದ ಎಣಿಕೆ,
ವರ್ಷ ವರ್ಷಕ್ಕೂ ಎಣಿಸಿದವರ ಹೆಸರು
ಗೆರಿಟ್‌ನ ಗುಂಡು ಅಕ್ಷರದಲ್ಲಿ.
ನನ್ನದು ಎರಡು ಸಲ ತಪ್ಪು, ಮೂರನೇ ಸಲ ಸರಿ,
ಪಕ್ಕದಲ್ಲಿ: ಈಕೆ ಕೆಳಗೆ ನೋಡುತ್ತಾಳೆ.

ಅಲ್ಲಿಂದಲೇ ಫೋನು ಮಾಡಿದೆ, ಆ ಹೊತ್ತಿನಲ್ಲಿ.
ಇಷ್ಟು ವರ್ಷ ರಾತ್ರಿಪಾಳಿ ಮಾಡಿದವನಿಗೆ ನಿದ್ದೆಯೆಲ್ಲಿ.
"ಎಸೆದುಬಿಡು," ಅಂದ.
ತುಸು ತಡೆದು, "ಟೋಪಿ ಇದೆಯಾ?"

ನಿಯಮದ ಪ್ರಕಾರ ಲೆಕ್ಕಕ್ಕಿಲ್ಲದ್ದು ಕಸಕ್ಕೆ.
ಆಟಕ್ಕುಂಟು ಲೆಕ್ಕಕ್ಕಿಲ್ಲ ಎನ್ನುವ ಜಾಗ
ಈ ಯಂತ್ರದಲ್ಲಿ ಯಾರೂ ಬಿಟ್ಟಿಲ್ಲ.
ಒಂದು ಚೀಟಿ ಮುದ್ರಿಸಿ ಅಂಟಿಸಿದೆ.
ವಸ್ತು: ಇತರೆ. ಒಡೆತನ: ಗೋದಾಮು. ಸಂಖ್ಯೆ: ಒಂದು.
ಟೋಪಿಯನ್ನು ಅಂಚೆಗೆ ಹಾಕಿದೆ.

ಸೋಮವಾರ, ಎರಡು ನಲವತ್ತು.
ಕತ್ತಲಲ್ಲಿ ಕೂದಲೆಳೆಯಷ್ಟು ಕೆಂಪು ಬೆಳಕು
ಚೀಟಿಯ ಮೇಲೆ ಹರಿಯಿತು.
ಹಸಿರು.
ಡ್ರೋನು ಮುಂದಿನ ಸಾಲಿಗೆ ಹೋಯಿತು.

ಅದಕ್ಕೀಗ ಸಮಾಧಾನವೇ, ಎಂದ ಸ್ಯಾಂಡರ್.
ನಾನು ಉತ್ತರ ಕೊಡುವಂತಿರಲಿಲ್ಲ,
ಬಾಯಲ್ಲಿ ಮಿಠಾಯಿಯಿತ್ತು.
ಹನ್ನೊಂದಿದ್ದವು.
ಈಗ ಹತ್ತು.